ಮನೆ ಗೆದ್ದು ಮಾರು ಗೆದ್ದ ಒಪ್ಪಂದ

ಅಲ್ಲಾಳಸಂದ್ರ ಕೆರೆಯ ಬಳಿ ಬೆಳಿಗ್ಗೆ ವಾಕಿಂಗ್ ಬರುವ ನಮ್ಮ ಗುಂಪಿನಲ್ಲಿ ಪ್ರಧಾನಿಗಳ ವಿದೇಶ ಪ್ರವಾಸದ ಮಾತು ಬಂದರೆ ಸಾಕು, ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಯಾರಾದರೂ ತೀರ್ಪು ಕೊಟ್ಟುಬಿಡುತ್ತಾರೆ. ಆಗೆಲ್ಲ ನಾನು ಎಚ್.ಡಿ. ದೇವೇಗೌಡರ ಕಾಲದ ಗಂಗಾ ಒಪ್ಪಂದವನ್ನು ನೆನಪಿಸುತ್ತೇನೆ.

1996ರ ಜೂನ್ 1ರಂದು ಗೌಡರು ಪ್ರಧಾನಿಯಾದಾಗ ಅವರ ಸರ್ಕಾರ ನಿಂತಿದ್ದೇ ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ. ಅದೇ ತಿಂಗಳು ಬಾಂಗ್ಲಾದೇಶದಲ್ಲಿ ಶೇಖ್ ಹಸೀನಾ ಅಧಿಕಾರಕ್ಕೆ ಬಂದರು. ಎರಡು ದೇಶಗಳ ನಡುವೆ ಫರಕ್ಕಾ ಬ್ಯಾರೇಜಿನ ಹಳೇ ವ್ಯಾಜ್ಯವಿತ್ತು. ಹೂಳು ತುಂಬುವ ಕಲ್ಕತ್ತಾ ಬಂದರು ಉಳಿಯಬೇಕಾದರೆ ಗಂಗೆಯನ್ನು ಹೂಗ್ಲಿಗೆ ತಿರುಗಿಸಬೇಕು. ತಿರುಗಿಸಿದರೆ ಬೇಸಿಗೆಯಲ್ಲಿ ಬಾಂಗ್ಲಾದ ರೈತನಿಗೆ ನೀರಿಲ್ಲ. 1988ರ ನಂತರ ಯಾವ ಒಪ್ಪಂದವೂ ಜಾರಿಯಲ್ಲಿರಲಿಲ್ಲ.

ಕರ್ನಾಟಕದಲ್ಲಿ ನೀರಾವರಿ ಮಂತ್ರಿಯಾಗಿದ್ದ ಗೌಡರಿಗೆ ನದಿ ಜಗಳ ಹೊಸದಲ್ಲ. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಮಾತುಕತೆ ನಡೆಸಿದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋಗಿಬಂದರು. ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಸಹಿ ಬಿತ್ತು. ಜನವರಿಯಿಂದ ಮೇ ಕೊನೆಯವರೆಗೆ ಹತ್ತು ಹತ್ತು ದಿನದ ಲೆಕ್ಕ: ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು, 75,000 ದಾಟಿದರೆ ಭಾರತಕ್ಕೆ 40,000, ಮಿಕ್ಕದ್ದು ಬಾಂಗ್ಲಾಕ್ಕೆ. ಹನ್ನೊಂದು ತಿಂಗಳೂ ತುಂಬದೆ ಉರುಳಿದ ಸರ್ಕಾರ ಮಾಡಿದ ಕೆಲಸ ಇದು.

ಬಹುಮತವಿದ್ದರೆ ಸಾಲದು ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು. ಮೊದಲ ಮಹಾಯುದ್ಧದ ನಂತರ ಅಧ್ಯಕ್ಷ ವುಡ್ರೋ ವಿಲ್ಸನ್ ಪ್ಯಾರಿಸ್ಸಿನಲ್ಲಿ ಜಗತ್ತನ್ನು ಒಪ್ಪಿಸಿ ಬಂದರೂ ಸ್ವಂತ ಸೆನೆಟ್ ವರ್ಸೈ ಒಪ್ಪಂದವನ್ನು ತಿರಸ್ಕರಿಸಿತು. ನಮ್ಮಲ್ಲಿ ಇಂಥ ಒಪ್ಪಂದಕ್ಕೆ ಸಂಸತ್ತಿನ ಮುದ್ರೆ ಕಡ್ಡಾಯವಲ್ಲ. ಆದರೂ 2011ರ ಸೆಪ್ಟೆಂಬರಿನಲ್ಲಿ ತೀಸ್ತಾ ನದಿ ನೀರಿನ ಒಪ್ಪಂದಕ್ಕೆಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಹಿಂದೆ ಸರಿದರು. ಸಹಿ ಬೀಳಲೇ ಇಲ್ಲ.

ಒಳಗಿನ ಕೆಲಸ ಬೇರೆ, ಹೊರಗಿನ ಕೆಲಸ ಬೇರೆ ಎಂದು ತಕ್ಕಡಿಯಲ್ಲಿ ತೂಗುವುದೇ ತಪ್ಪು. ಒಳಗೆ ಒಪ್ಪಿಸಲಾಗದ ಮಾತು ಹೊರಗೆ ನಿಲ್ಲುವುದಿಲ್ಲ. 30 ವರ್ಷದ ಗಂಗಾ ಒಪ್ಪಂದದ ಅವಧಿ 2026ರ ಡಿಸೆಂಬರಿನವರೆಗೆ. ಮುಂದಿನದನ್ನು ಬರೆಯುವವರು ಢಾಕಾದ ವಿಮಾನ ಹತ್ತುವ ಮೊದಲು ಕೋಲ್ಕತ್ತಾದಲ್ಲಿ ಕೂತು ಮಾತು ಮುಗಿಸಲಿ.