ನಿಮಗಿದು ಗೊತ್ತೆ? ಬೈಕಿನ ಮಿನುಗುವ ಬ್ರೇಕ್ ಲೈಟ್

ಗೇರ್ ಇಳಿಸಿ ಎಂಜಿನ್‌ನಿಂದಲೇ ಬೈಕ್ ನಿಧಾನಿಸಿದರೆ ಸಾಮಾನ್ಯವಾಗಿ ಬ್ರೇಕ್ ಲೈಟ್ ಹೊತ್ತುವುದೇ ಇಲ್ಲ. ಶೃಂಗೇರಿ ತಾಲ್ಲೂಕಿನ ಬೇಗಾರ್ ಕಡೆಯ ಮಳೆಗಾಲದ ತಿರುವುಗಳಲ್ಲಿ ಇದು ನಿಜಕ್ಕೂ ಅಪಾಯ. ಬ್ರೇಕನ್ನು ಹಗುರಾಗಿ ಒತ್ತಿದರೂ ಸಾಕು, ಹಿಂದಿನವರಿಗೆ ಸೂಚನೆ ಸಿಗುತ್ತದೆ.

ಎಲ್‌ಇಡಿ ದೀಪ ಹಳೆಯ ಬಲ್ಬಿಗಿಂತ ಸುಮಾರು 0.2 ಸೆಕೆಂಡ್ ಮೊದಲೇ ಬೆಳಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಹಿಂದಿನ ವಾಹನಕ್ಕೆ ಅದು 3 ಮೀಟರಿಗೂ ಹೆಚ್ಚು ದೂರ! ಹಿಂದಿನವರ ಗಮನ ಸೆಳೆಯಲು ಹಾಕಿಸುವ ಹೆಚ್ಚುವರಿ ಮಿನುಗು ದೀಪವನ್ನು ಬ್ರೇಕ್ ಸ್ವಿಚ್‌ನಿಂದ ಮೂಲ ದೀಪಕ್ಕೆ ಹೋಗುವ ವೈರಿಗೆ ಜೋಡಿಸುತ್ತಾರೆ. ಮೂಲ ದೀಪ ಮಾತ್ರ ಮಿನುಗದೆ ಸ್ಥಿರವಾಗಿ ಉರಿಯಬೇಕು.

ಮುಂದಿನ ಬ್ರೇಕ್ ಹಿಡಿದಾಗ ದೀಪ ಹೊತ್ತಿ, ಹಿಂದಿನದನ್ನು ತುಳಿದಾಗ ಹೊತ್ತದಿದ್ದರೆ ದೋಷ ದೀಪದ್ದಲ್ಲ, ಹೆಚ್ಚಾಗಿ ಪೆಡಲ್ ಬಳಿಯ ಸ್ವಿಚ್‌ನದು. ಕೆಸರುನೀರು ಬಡಿಯುವ ಜಾಗವದು. ಹೊಸ ದೀಪ ಕೊಳ್ಳುವ ಮೊದಲು ಆ ಸ್ವಿಚ್ಚನ್ನು ಮೆಕ್ಯಾನಿಕ್‌ಗೆ ತೋರಿಸಿ.