ಕುಂಭಕರ್ಣನಿಗೆ ಹಗುರ ದಿಂಬು

ಮಕ್ಕಳೇ, ನಿಮ್ಮ ತಮ್ಮ-ತಂಗಿಯರ ಶಾಲೆಯ ಗ್ಯಾದರಿಂಗಿನಲ್ಲಿ ಕುಂಭಕರ್ಣನ ನಾಟಕವಿದ್ದರೆ ದಿಂಬು ಹೊಲಿಯುವ ಕೆಲಸ ನೀವೇ ವಹಿಸಿಕೊಳ್ಳಿ. ಖರಾಡಿಯ ನಮ್ಮ ಮನೆಯಲ್ಲಿ ಮೊದಲ ಸಲ ನಾನು ಹತ್ತಿ ತುಂಬಿ ಕೆಟ್ಟೆ. ಎರಡು ದಿಂಬು ಹೊತ್ತ ಆರು ವರ್ಷದ ರಾಕ್ಷಸ ಭಾರ ತಾಳದೆ ಮುಗ್ಗರಿಸಿ ತುಟಿ ಒಡೆದುಕೊಂಡ. ಆಮೇಲೆ ಒಗೆದರೆ ಹತ್ತಿಯೆಲ್ಲ ಗಂಟು. ನಾಲ್ಕು ದಿನವಾದರೂ ಒಳಗೆ ಹಸಿ. ಥರ್ಮೊಕೋಲ್ ಮಣಿಯೂ ಬೇಡ. ಹೊಲಿಗೆ ಬಿಟ್ಟರೆ ರಂಗದ ತುಂಬ ಅದೇ.

ಪಾಲಿಯೆಸ್ಟರ್ ಫೈಬರ್ ತನ್ನಿ. ಅದು ನೀರು ಹೀರುವುದಿಲ್ಲ, ಬೇಗ ಆರುತ್ತದೆ. 16 ಇಂಚು ಅಗಲ, 24 ಇಂಚು ಉದ್ದದ ದಿಂಬಿಗೆ 250 ಗ್ರಾಂ ಸಾಕು; ಎಳೆ ಎಳೆಯಾಗಿ ಬಿಡಿಸಿ ತುಂಬಿ, ಉಬ್ಬಿ ನಿಲ್ಲುತ್ತದೆ. ಒಳಚೀಲಕ್ಕೆ ಹಳೆಯ ಸೊಳ್ಳೆಪರದೆ, ನೀರು ಸೋರಿಹೋಗಲಿ ಎಂದು. ಮೇಲಿನ ಗವಸಿಗೆ ಅಮ್ಮನ ಹಳೇ ಸೀರೆ (ಕೇಳಿ ತೆಗೆದುಕೊಳ್ಳಿ!). ಹಿಂಬದಿಯ ಎರಡು ತುಂಡು ಒಂದರ ಮೇಲೊಂದು ನಾಲ್ಕು ಇಂಚು ಬರುವಂತೆ ಹೊಲಿದರೆ ಜಿಪ್ಪಿನ ಗೊಡವೆಯಿಲ್ಲ. ಹತ್ತು ತಲೆಗಳ ಎಣ್ಣೆ ಹತ್ತಿದ ಗವಸನ್ನು ಕಳಚಿ ಒಗೆಯಬಹುದು. ದಿಂಬನ್ನು ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಉರಿಯುತ್ತದೆ, ದೀಪವಿರುವ ದೃಶ್ಯದಿಂದ ದೂರವಿಡಿ.

ಮರುವರ್ಷ ಅದೇ ರಾಕ್ಷಸ ನಾಲ್ಕು ದಿಂಬು ಹೊತ್ತು ಓಡೋಡಿ ಬಂದ.