ಮುದ್ದೆಯಲ್ಲೂ ಹುಲ್ಲಿನಲ್ಲೂ ಅದೇ ಗ್ಲೂಕೋಸ್

ದೊಡ್ಡವರ ಮೈಯಲ್ಲಿ ಹರಿಯುವ ರಕ್ತ ಸುಮಾರು 5 ಲೀಟರ್. ಊಟವಾಗಿ ಹೊತ್ತಾದ ಮೇಲೆ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸನ್ನು ಒಟ್ಟುಮಾಡಿದರೆ ಸಿಗುವುದು 4ರಿಂದ 5 ಗ್ರಾಂ, ಒಂದು ಟೀ ಚಮಚದಷ್ಟು. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ರಕ್ತಕ್ಕೆ ಹೊಸದಾಗಿ ಏನೂ ಸೇರದಿದ್ದರೆ ಆ ಚಮಚ ಒಂದು ಗಂಟೆಯಲ್ಲಿ ಬರಿದು.

ಹಾಗೆಂದು ಅಣುಗಳೇನೂ ಕಡಿಮೆಯಿಲ್ಲ. ಗ್ಲೂಕೋಸಿನ ಒಂದು ಅಣುವೆಂದರೆ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳು. ಬರೀ ಒಂದು ಗ್ರಾಮಿನಲ್ಲಿ ಇಂಥ ಅಣುಗಳ ಸಂಖ್ಯೆ 3ರ ಮುಂದೆ 21 ಸೊನ್ನೆ ಇಟ್ಟರೂ ಸ್ವಲ್ಪ ಮಿಗುತ್ತದೆ. ಜಗತ್ತಿನ 800 ಕೋಟಿ ಜನ ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಎಣಿಸುತ್ತ ಕೂತರೂ 12,000 ವರ್ಷ ಸಾಲದು.

ಈಗ ಒಂದು ರಾಗಿ ಮುದ್ದೆ ನುಂಗಿದೆವು ಅನ್ನಿ. 100 ಗ್ರಾಂ ಹಿಟ್ಟಿನದಾದರೆ ಅದರಲ್ಲಿ 60 ಗ್ರಾಮಿಗೂ ಹೆಚ್ಚು ಪಿಷ್ಟ, ಅಂದರೆ ಗ್ಲೂಕೋಸಿನ ಸರಪಣಿ. ರಕ್ತದಲ್ಲಿರುವುದರ ಹತ್ತಾರು ಪಟ್ಟು ಒಂದೇ ಊಟಕ್ಕೆ! ಇಡುವುದೆಲ್ಲಿ? ಬಿಡಿಬಿಡಿಯಾಗಿ ಜೀವಕೋಶದೊಳಗೆ ತುಂಬಿದರೆ ನೀರು ನುಗ್ಗಿ ಕೋಶವೇ ಒಡೆದೀತು. ಹಾಗಾಗಿ ಲಿವರ್ ಸುಮಾರು 100 ಗ್ರಾಮನ್ನೂ ಸ್ನಾಯುಗಳೆಲ್ಲ ಸೇರಿ 400 ಗ್ರಾಮಿನಷ್ಟನ್ನೂ ಗ್ಲೈಕೋಜನ್ ಆಗಿ ಪೋಣಿಸಿಡುತ್ತವೆ. ಅದರ ಒಂದು ಕಣದಲ್ಲಿ 55,000ದವರೆಗೂ ಗ್ಲೂಕೋಸ್ ಹಿಡಿಯುತ್ತದೆ. ಕಣದ ಅಗಲ ಮಾತ್ರ ಮಿಲಿಮೀಟರಿನ 20,000ದಲ್ಲೊಂದು ಪಾಲೂ ಇಲ್ಲ. ಕವಲೊಡೆದು ಕವಲೊಡೆದು ಹೊರಮೈಗೆ ಬರುವ ಹೊತ್ತಿಗೆ ತುದಿಗಳೇ ಎರಡು ಸಾವಿರದಷ್ಟು. ಓಡಬೇಕಾಗಿ ಬಂತೋ, ಕಿಣ್ವಗಳು ಎಷ್ಟೋ ತುದಿಗಳಿಂದ ಏಕಕಾಲಕ್ಕೆ ಗ್ಲೂಕೋಸ್ ಕಳಚತೊಡಗುತ್ತವೆ. ಇಷ್ಟು ಅಚ್ಚುಕಟ್ಟಾದ ಕಣಜ ಜೀವಲೋಕದಲ್ಲಿ ಇನ್ನೊಂದಿದೆ ಎಂದು ನನಗನ್ನಿಸುವುದಿಲ್ಲ.

ಅದೇ ರಾಗಿಯ ಹುಲ್ಲಿಗೆ ಬನ್ನಿ. ಅದರ ಸೆಲ್ಯುಲೋಸ್ ಕೂಡ ಬರೀ ಗ್ಲೂಕೋಸೇ. ಪಿಷ್ಟದ ಕೊಂಡಿ ಒಂದು ಮಗ್ಗುಲಿಗೆ, ಇದರದು ಇನ್ನೊಂದು ಮಗ್ಗುಲಿಗೆ, ವ್ಯತ್ಯಾಸ ಅಷ್ಟೇ. ಅಷ್ಟಕ್ಕೇ ಸರಪಣಿ ನೆಟ್ಟಗಾಗಿ, ಅಕ್ಕಪಕ್ಕದವುಗಳ ಜೊತೆ ಬಿಗಿದುಕೊಂಡು, ನೀರಿಗೆ ಜಗ್ಗದ ನಾರಾಗುತ್ತದೆ. ಆ ಕೊಂಡಿ ಕಡಿಯುವ ಕಿಣ್ವ ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ. ಹಸುವಿನ ಮೈಯಲ್ಲೂ ಇಲ್ಲ! ಅದರ ಮೊದಲ ಹೊಟ್ಟೆಯ ಒಂದೊಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಬ್ಯಾಕ್ಟೀರಿಯಾಗಳಿದ್ದು, ಕಡಿಯುವವು ಅವುಗಳೇ. ಕಡಿದು ಸಿಕ್ಕ ಗ್ಲೂಕೋಸನ್ನೂ ಬಹುಪಾಲು ಅವೇ ಬಳಸಿ ಆಮ್ಲಗಳನ್ನು ಉಳಿಸುತ್ತವೆ. ಅಂಥ ಒಂದು ಆಮ್ಲದಿಂದ ಹಸುವಿನ ಲಿವರ್ ಗ್ಲೂಕೋಸನ್ನು ಮತ್ತೆ ಹೊಸದಾಗಿ ಕಟ್ಟುತ್ತದೆ. ಅದು ಕೆಚ್ಚಲಿಗೆ ಇಳಿದು ಹಾಲಿನ ಸಕ್ಕರೆಯಾಗುತ್ತದೆ, ಲೀಟರಿಗೆ 45 ಗ್ರಾಂನಷ್ಟು.